ಆರು ಬಾಟಲಿ ಎಣ್ಣೆ

ಗುಲ್ವಾಡಿಯ ಹೊಳೆಯಲ್ಲಿ ಚಿಪ್ಪಿಗಳು ಸಾಯುತ್ತಿದ್ದವು. ಉಪ್ಪುನೀರಿನಲ್ಲಿ ಬೆಳೆಯುವ ರಕ್ಷಿತ ಕಾಂಡ್ಲಾ ಕಾಡಿನ ನೀರಿಗೆ ಕೊಳಕು ಎಲ್ಲಿಂದ ಬರುತ್ತಿದೆಯೆಂದು ಹುಡುಕುವುದು ನನ್ನ ಕೆಲಸ. ದಡದಲ್ಲಿ ಸಿಗಡಿ ಸಾಕುವ ಕೆರೆಯ ಮೇಲೆ ಮೊದಲ ದಿನವೇ ಗುಮಾನಿ. ಅಲ್ಲಿನ ಕಾವಲುಗಾರ ನಗುತ್ತ ಎಳನೀರು ಕೊಟ್ಟಾಗ ಅದು ಇನ್ನೂ ಹೆಚ್ಚಿತು. ಕೆರೆಯೆದುರು ನನ್ನ ಎಂಜಿನ್ ದೋಣಿಯಿಂದ ತುಂಬಿದ ಆರೂ ಬಾಟಲಿಗಳಲ್ಲಿ ಎಣ್ಣೆ ತೇಲಿದಾಗ, ಅದು ಕೆರೆಯ ಪಂಪಿನದೇ, ಕಳ್ಳ ಸಿಕ್ಕಿದನೆಂದು ಹಿಗ್ಗಿದೆ.

ಸೊಂಟದವರೆಗಿನ ನೀರಿನಲ್ಲಿ ಕಾಲಿನಿಂದಲೇ ಚಿಪ್ಪಿ ತಡಕುತ್ತಿದ್ದ ಹೆಂಗಸೊಬ್ಬಳು ನೋಡುತ್ತಿದ್ದಳು. ಅವಳ ಬುಟ್ಟಿಯಲ್ಲಿ ಅರ್ಧಕ್ಕರ್ಧ ಸತ್ತವೇ.

"ಹ್ವಾಯ್, ಎಂಜಿನ್ ಹತ್ರ ಬಾಟ್ಲಿ ಅದ್ದಿರೆ ಎಣ್ಣೆ ಅಲ್ದೆ ಎಂತ ಸಿಕ್ಕತ್ತ್? ನಮ್ಮಂಗೆ ಇಳ್ದ್ ನಡೀನಿ."

ಪ್ಯಾಂಟು ಮಡಚಿ ಅವಳ ಹಿಂದೆ ಕೆಸರಿಗಿಳಿದೆ. ಸಿಗಡಿ ಕೆರೆಯ ತೂಬಿನ ಬಳಿ ಅವಳು ನಿಂತಳು. ಅಲ್ಲಿ ತುಂಬಿದ ಬಾಟಲಿಯಲ್ಲಿ ಎಣ್ಣೆಯಿರಲಿಲ್ಲ, ಕೊಳೆತ ನಾತವಿತ್ತು. ಈ ಸಲ ಹಿಗ್ಗಲಿಲ್ಲ. ಈ ನಾತವೂ ನನ್ನದೇ ಇರಬಹುದೇ ಎಂದು ಮೊದಲು ನನ್ನ ಕೈಯನ್ನೇ ಮೂಸಿ ನೋಡಿಕೊಂಡೆ.