ಮಿರ್ಚಿ ತಿನ್ನುವಾಗ ಹೋದ ಮಂತ್ರಿಗಿರಿ

ಇಂಗ್ಲಿಷಿನವರು 'ಸಿಸ್ಟರ್' ಎಂದು ಹೇಳಿ ಕೈತೊಳೆದುಕೊಂಡುಬಿಡುತ್ತಾರೆ. ಅಕ್ಕನೋ ತಂಗಿಯೋ ಎಂಬ ತಾಪತ್ರಯ ಅವರಿಗಿಲ್ಲ. ನಮ್ಮ ರಾಜ್ಯಕ್ಕೂ ಕಡಲಾಚೆಯ ಪ್ರಜಾಪ್ರಭುತ್ವ ದೇಶವೊಂದರ ರಾಜ್ಯಕ್ಕೂ 'ಸಿಸ್ಟರ್ ಸ್ಟೇಟ್' ಸಂಬಂಧ ಕುದುರಿ, ಅಲ್ಲಿಯ ಕೃಷಿಮಂತ್ರಿಗಳು ಗಂಗಾವತಿಯ ಭತ್ತ ನೋಡಲು ಬರುತ್ತಾರೆಂದಾಗ ದುಭಾಷಿಯ ಕೆಲಸ ನನ್ನ ಕೊರಳಿಗೆ ಬಿತ್ತು. ಇದೇ ಸೀಮೆಯ ಭಾಗ್ಯನಗರದಲ್ಲಿ ನಿವೃತ್ತನಾಗಿ ಕೂತ ಇಂಗ್ಲಿಷ್ ಮಾಸ್ತರ ನಾನು. 'ಅಕ್ಕ ರಾಜ್ಯ' ಎಂದರೆ ನಾವು ಸಣ್ಣವರಾಗುತ್ತೇವೆ, 'ತಂಗಿ ರಾಜ್ಯ' ಎಂದರೆ ಅವರು ಮುನಿದಾರು. ಎರಡು ದಿನ ಇದೇ ಚಿಂತೆ.

"ಯಾರು ಮೊದಲ ಹುಟ್ಟ್ಯಾರ ಕೇಳ್ರಿ, ಅವರ ಅಕ್ಕ," ಎಂದಳು ನನ್ನ ಹೆಂಡತಿ ಶಂಕ್ರಮ್ಮ. ಬರುವವರು ಹೆಣ್ಣುಮಗಳೆಂದು ಉಡಿ ತುಂಬಲು ಅವಳಿಗೂ ಕರೆ ಬಂದಿತ್ತು. ಕೊನೆಗೆ ನಾನು 'ಸಹೋದರಿ ರಾಜ್ಯ' ಎಂಬ ಸಂಸ್ಕೃತದ ಮರೆಗೆ ಸರಿದು ನಿಂತೆ.

ಮಂತ್ರಿಗಳು ಬಂದರು. ಮುಂದೆ ಸೈರನ್ ಗಾಡಿ, ಹಿಂದೆ ಬಿಳಿ ಕಾರುಗಳ ಸಾಲು. ಅಕ್ಕಿ ಗಿರಣಿಯ ಮಾಲೀಕ ವೀರಭದ್ರಪ್ಪ ಅಂಗಳಕ್ಕೆಲ್ಲ ನೀರು ಹೊಡೆಸಿದ್ದ. ಮಂತ್ರಿಗಳು ಐವತ್ತು ದಾಟಿದ, ಎತ್ತರದ ಹೆಂಗಸು. ಭತ್ತವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿದರು. ಒಗ್ಗರಣೆ ಹಾಕಿದ ಮಂಡಕ್ಕಿ, ಅಂದರೆ ನಮ್ಮ ಮಂಡಾಳ ಒಗ್ಗರಣಿ, ಜೊತೆಗೆ ಬಿಸಿ ಮಿರ್ಚಿ ಬಂತು. ಮೊದಲ ಮಿರ್ಚಿಗೇ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಎರಡನೆಯದನ್ನು ಕಚ್ಚಿದಾಗ ಅವರ ಸಹಾಯಕಿ ಬಂದು ಕಿವಿಯಲ್ಲಿ ಏನೋ ಹೇಳಿದಳು.

ಅವರು ಮಿರ್ಚಿ ಅಗಿಯುವುದನ್ನು ನಿಲ್ಲಿಸಿದರು. ನುಂಗಿದರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು: "ನಮ್ಮಲ್ಲಿ ಹೊಸ ನಾಯಕರು ಬಂದಿದ್ದಾರೆ. ಅವರ ಮಂತ್ರಿಮಂಡಲದಲ್ಲಿ ನಾನಿಲ್ಲ. ಈ ಕ್ಷಣದಿಂದ ನಾನು ಮಂತ್ರಿಯಲ್ಲ. ಇವರಿಗೆಲ್ಲ ತಿಳಿಸಿಬಿಡಿ."

ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ವೀರಭದ್ರಪ್ಪ ಕೈಯಲ್ಲಿದ್ದ ದೊಡ್ಡ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದ.

ನಮ್ಮ ಕಡೆ ಸರ್ಕಾರ ಅಲುಗಾಡಿದರೆ ಬಸ್ಸುಗಳು ರೆಸಾರ್ಟಿನತ್ತ ಹೊರಡುತ್ತವೆ, ಟೀವಿಯವರು ಗೇಟಿನ ಹೊರಗೆ ಹಾಸಿಗೆ ಹಾಸುತ್ತಾರೆ. ಈ ಹೆಣ್ಣುಮಗಳು ಕೈ ಒರೆಸಿಕೊಂಡು, ತಮ್ಮ ಕುರ್ಚಿಗೆ ಬಂದವರಿಗೇ ಫೋನು ಹಚ್ಚಿದರು. ಅಭಿನಂದಿಸಿದರು. "ಗಂಗಾವತಿ ಎಂಬ ಊರಿದೆ, ಇಲ್ಲಿಯ ಜನರನ್ನು ಕೈಬಿಡಬೇಡಿ," ಎಂದರು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಆದರೆ ನನ್ನನ್ನು ಇನ್ನೂ ಹೆಚ್ಚು ಬೆಚ್ಚಿಬೀಳಿಸಿದ್ದು ನಮ್ಮವರು. ಜೊತೆಗಿದ್ದ ಅಧಿಕಾರಿ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. "ಸರ್ರ, ಮ್ಯಾಲಿಂದ ಆದೇಶ ಬರೂತನಕ ನಾವು ಮುಂದ ಹೋಗಾಂಗಿಲ್ರಿ. ಗಾಡಿ ವಾಪಸ್ ಕರದಾರ." ನೋಡನೋಡುತ್ತಿದ್ದಂತೆ ಸೈರನ್ ಗಾಡಿ, ಬಿಳಿ ಕಾರುಗಳು ಹೊರಟುಹೋದವು. ಅಂಗಳದಲ್ಲಿ ಉಳಿದದ್ದು ನನ್ನ ಹಳೆಯ ಕಾರೊಂದೇ.

"ಕಿನ್ನಾಳದ ಗೊಂಬೆ ನೋಡಬೇಕೆಂದಿದ್ದೆ. ಬಸ್ಸು ಸಿಗುತ್ತದೆಯೇ?" ಎಂದು ಆಕೆ ಕೇಳಿದರು.

ನಾನು ಕನ್ನಡಕ್ಕೆ ತಿರುಗಿಸುವುದರೊಳಗೆ ಶಂಕ್ರಮ್ಮನಿಗೆ ಅರ್ಥವಾಗಿಹೋಗಿತ್ತು. "ಬಸ್ ಯಾಕರಿ, ನಮ್ಮ ಗಾಡಿ ಐತಲ್ಲ! ಮೊದಲ ಕುಂದರ್ಸ್ರಿ, ಉಡಿ ತುಂಬೂದು ಬಾಕಿ ಐತಿ," ಎಂದು ಗದರಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಗೆಂದು ಕುಬಸದ ಕಣ ಎಲ್ಲ ಆ ಪ್ಯಾಂಟು ತೊಟ್ಟ ಮಡಿಲಿಗೆ ಬಿದ್ದವು. ವೀರಭದ್ರಪ್ಪನೂ ನಾಚಿಕೊಂಡು ಹಾರ ಮುಂದೆ ತಂದ.

ಕಾರಿನಲ್ಲಿ ಸಹಾಯಕಿ ನನ್ನ ಪಕ್ಕ ಕೂತಳು, ಹೆಂಗಸರಿಬ್ಬರೂ ಹಿಂದೆ. ಊರು ದಾಟಿ ಭತ್ತದ ಗದ್ದೆಗಳು ಶುರುವಾದಾಗ ಕನ್ನಡಿಯಲ್ಲಿ ನೋಡಿದೆ. ಗಿರಣಿಯಲ್ಲಿ ಅಷ್ಟು ಗಟ್ಟಿಯಾಗಿದ್ದ ಹೆಂಗಸು ಕಿಟಕಿಯತ್ತ ಮುಖ ಮಾಡಿ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಶಂಕ್ರಮ್ಮ ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಅಲ್ಲಿ ದುಭಾಷಿಗೆ ಕೆಲಸವಿರಲಿಲ್ಲ. ನಾನು ರಸ್ತೆ ನೋಡಿದೆ.

ಕಿನ್ನಾಳದಲ್ಲಿ ಲಕ್ಷ್ಮವ್ವ ಎಂಬಾಕೆ ಪಡಸಾಲೆಯಲ್ಲಿ ಕೂತು ಮರದ ಗಿಣಿಗಳಿಗೆ ಬಣ್ಣ ಹಚ್ಚುತ್ತಿದ್ದಳು. "ಇವರು ಏನ್ ಕೆಲಸ ಮಾಡ್ತಾರ್ರಿ?" ಎಂದಳು. ಬರೆದು ಬಾಯಿಪಾಠ ಮಾಡಿದ್ದ ಬಿರುದುಗಳಲ್ಲಿ ಒಂದೂ ಈಗ ನಡೆಯುವಂತಿರಲಿಲ್ಲ. ಪ್ರಶ್ನೆಯನ್ನು ಅವರಿಗೇ ದಾಟಿಸಿದೆ.

"ಇವತ್ತಿನಿಂದ ಕೆಲಸವಿಲ್ಲ," ಎಂದು ಅವರು ಕಣ್ಣೊರೆಸಿಕೊಂಡು ನಕ್ಕರು.

ಲಕ್ಷ್ಮವ್ವ ಅದನ್ನು ಚೇಷ್ಟೆಯೆಂದುಕೊಳ್ಳಲಿಲ್ಲ. "ಹಂಗಾರ ಕುಂದರ್‌ರಿ. ಇಲ್ಲಿ ಭಾಳ ಕೆಲಸ ಐತಿ," ಎಂದು ಚಾಪೆ ಸರಿಸಿ ಕುಂಚ ಕೊಟ್ಟಳು.

ಮಾಜಿ ಮಂತ್ರಿಗಳು ಚಕ್ಕಳಮಕ್ಕಳ ಹಾಕಲಾರದೆ ಕಾಲು ಚಾಚಿ ಕೂತು, ನಾಲಿಗೆ ಕಚ್ಚಿಕೊಂಡು, ಒಂದು ಗಿಣಿಯ ಕೊಕ್ಕಿಗೆ ಗಾಢ ನೀಲಿ ಬಳಿದರು. ನಾನು "ಭಾಳ ಛಂದ" ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಲಕ್ಷ್ಮವ್ವ ಗಿಣಿಯನ್ನು ಕಿತ್ತುಕೊಂಡು ಬಟ್ಟೆಯಿಂದ ಒರೆಸಿದಳು. "ಗಿಣಿ ಕೊಕ್ಕು ಕೆಂಪ ಇರ್ತೈತಂತ ಹೇಳ್ರಿ ಅವರಿಗೆ!"

ಹೆದರುತ್ತಲೇ ಹೇಳಿದೆ. ಆಕೆ ಒಂದು ಗಳಿಗೆ ದಿಗ್ಭ್ರಮೆಯಿಂದ ನೋಡಿದರು. ಆಮೇಲೆ ನಗತೊಡಗಿದರು. ಆ ನಗೆಗೆ ಪಡಸಾಲೆಯೆಲ್ಲ ನಕ್ಕಿತು.

"ಮಂತ್ರಿಯಾಗಿದ್ದಷ್ಟು ಕಾಲ ನಾನು ಏನು ಬಳಿದರೂ ಚೆನ್ನಾಗಿದೆ ಎನ್ನುತ್ತಿದ್ದರು," ಎಂದು, ಕೆಂಪು ಬಣ್ಣದ ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು.