ಬರಿಹೊಟ್ಟೆಯ ಪರಮಪ್ರಸಾದ

ಮೊದಲು ನಡುಗಿದ್ದು ನಿಮ್ಮ ತಾತನ ಬೆರಳುಗಳು. ಅಜ್ಜಂಪುರದ ನಮ್ಮ ಪುಟ್ಟ ಏಸುಸ್ವಾಮಿ ಗುಡಿಯಲ್ಲಿ, ಬಲಿಪೂಜೆಯ ಮಧ್ಯೆ. ಅಂಗಿಯೆಲ್ಲ ಬೆವರಿನಿಂದ ಒದ್ದೆ. ಪರಮಪ್ರಸಾದದ ರೊಟ್ಟಿಚೂರು ನಾಲಿಗೆಗೆ ಬಿದ್ದ ಮೇಲೆ ಗೋಡೆಗೊರಗಿ ಕೂತುಬಿಟ್ಟರು. ಭಕ್ತಿ ಅಂದುಕೊಂಡೆ.

ಭಕ್ತಿಯಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಎಂದು ಆಗಷ್ಟೇ ಗೊತ್ತಾಗಿತ್ತು. ದಿನಾ ಬೆಳಿಗ್ಗೆ ಇನ್ಸುಲಿನ್. ಚುಚ್ಚಿದ ಅರ್ಧ ಗಂಟೆಯಲ್ಲಿ ತಿನ್ನಲೇಬೇಕು ಎಂದು ತರೀಕೆರೆಯ ಡಾಕ್ಟರು ಹೇಳಿದ್ದರು. ತಪ್ಪದೆ ರೊಟ್ಟಿ ತಟ್ಟಿಕೊಡುತ್ತಿದ್ದೆ. ಆದರೆ ತಿಂಗಳಿಗೊಂದು ಭಾನುವಾರ ಕಡೂರಿನಿಂದ ಗುರುಗಳು ರೈಲಿನಲ್ಲಿ ಬರುತ್ತಿದ್ದರು. ಪೂಜೆ ಶುರುವಾಗುವಾಗ ಹನ್ನೊಂದು. ಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು ಎಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಕಲಿಸಿದವರು ನನ್ನ ಚಿಕ್ಕಪ್ಪ ಇನ್ನಾಸಪ್ಪ, ನಮ್ಮೂರಿನ ಉಪದೇಶಿ. ಗುರುಗಳಿಲ್ಲದ ದಿನಗಳಲ್ಲಿ ಜಪ ಹೇಳಿಸುತ್ತಿದ್ದವರೂ ಅವರೇ. ಆ ಭಾನುವಾರಗಳಲ್ಲಿ ಸೂಜಿ ತಪ್ಪಿಸಲಿಲ್ಲ, ರೊಟ್ಟಿ ಮಾತ್ರ ತಪ್ಪಿಸಿದೆ; ತಿಂಗಳಿಗೊಂದು ದಿನ ದೇವರೇ ನೋಡಿಕೊಳ್ಳುತ್ತಾನೆ ಎಂದುಕೊಂಡೆ.

ಮೂರನೆಯ ತಿಂಗಳು, ಪೂಜೆಗೆ ಹೊರಡುವಾಗ, ತಾತ ಕಾಫಿ ಲೋಟಕ್ಕೆ ಕೈ ಹಾಕಿದರು.

"ಒಂದೇ ಗುಟುಕು ಕಣೇ. ತಲೆ ತಿರುಗ್ತಾ ಐತೆ."

"ಪ್ರಸಾದ ತಗೊಳ್ಳೋ ಬಾಯಿ. ಇನ್ನೊಂದು ಗಂಟೆ ತಡ್ಕಳಿ" ಎಂದು ಲೋಟ ಕಿತ್ತುಕೊಂಡೆ.

ಗುಡಿಯಲ್ಲಿ ಬಿದ್ದವರು ಏಳಲಿಲ್ಲ.

ತರೀಕೆರೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು. ಎರಡು ದಿನ ಪ್ರಜ್ಞೆಯಿಲ್ಲ. ಬಂದಾಗ ಮಾತು ತೊದಲುತ್ತಿತ್ತು, ನನ್ನ ಹೆಸರಿಗೆ ತಡವರಿಸಿದರು. "ಇನ್ಸುಲಿನ್ ಕೊಟ್ಟು ಉಪವಾಸ ಇಟ್ಟಿದ್ದೀರಲ್ಲಮ್ಮ!" ಎಂದರು ಡಾಕ್ಟರು.

ನೋಡಲು ಬಂದ ಗುರುಗಳಿಗೆ ಎಲ್ಲವನ್ನೂ ಹೇಳಿದೆ.

"ಆ ನಿಯಮ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲಮ್ಮ. ಈಗ ಒಂದು ಗಂಟೆ ಸಾಕು. ಕಾಯಿಲೆಯವರಿಗೆ ಅದೂ ಇಲ್ಲ. ಎಲ್ಲರಿಗೂ ತಿಳಿಸು ಅಂತ ಇನ್ನಾಸಪ್ಪನಿಗೆ ಹೇಳಿದ್ದೆ."

ಮಾರನೆಯ ದಿನ ಚಿಕ್ಕಪ್ಪ ಮೂಸಂಬಿ ಹಿಡಿದು ಬಂದರು.

"ನಿಮಗೆ ಗೊತ್ತಿತ್ತಾ ಚಿಕ್ಕಪ್ಪ?"

"ಗೊತ್ತಿತ್ತು ಕಣವ್ವ. ಸಡಿಲ ಬಿಟ್ರೆ ನಮ್ ಜನ ಇಡ್ಲಿ ತಿನ್ಕಂತಾನೇ ಗುಡಿಗೆ ಬತ್ತಾರೆ. ಭಯ ಇರ್ಲಿ ಅಂತ ಸುಮ್ಕಿದ್ದೆ."

"ನೀವು ಕಾಫಿ ಕುಡಿದು ಬತ್ತಿದ್ರಾ?"

ಅವರು ಮೂಸಂಬಿ ಚೀಲವನ್ನು ತಾತನ ಮಂಚದ ಮೇಲಿಟ್ಟು ಹೊರಟುಬಿಟ್ಟರು.

ಆರು ತಿಂಗಳು ನಾನು ಪ್ರಸಾದ ಮುಟ್ಟಲಿಲ್ಲ. ಚಿಕ್ಕಪ್ಪ ಒಬ್ಬರೇ ಅಲ್ಲ, ಗುಡಿಯೇ ನನಗೆ ಮೋಸ ಮಾಡಿತು ಅನ್ನಿಸಿತ್ತು. ತಾತ ಮಾತ್ರ ರೊಟ್ಟಿ ತಿಂದೇ ಹೋಗಿ ತೆಗೆದುಕೊಳ್ಳುತ್ತಿದ್ದರು; ಮುಂದಿನ ಮೂರು ವರ್ಷ, ಸಾಯುವ ತನಕ, ಹಾಗೆಯೇ. ಆ ಆರನೆಯ ತಿಂಗಳಲ್ಲಿ ಒಂದು ದಿನ ತೊದಲುತ್ತಾ ಕೇಳಿದರು:

"ಏಸುಸ್ವಾಮಿ ಕಡೇ ರಾತ್ರಿ ಪ್ರಸಾದ ಕೊಟ್ಟಾಗ ಶಿಷ್ಯರು ಉಪಾಸ ಇದ್ರಾ? ಊಟಕ್ಕೇ ಕುಂತಿದ್ರಲ್ಲೇ!"

ಆಗ ನನಗೆ ಇನ್ನೊಂದು ಹೊಳೆಯಿತು. ಆ ಪಂಕ್ತಿಯಲ್ಲಿ ಏಸುಸ್ವಾಮಿಯನ್ನು ಶತ್ರುಗಳಿಗೆ ಹಿಡಿದುಕೊಡಲಿದ್ದ ಶಿಷ್ಯನೂ ಕೂತಿದ್ದ. ಗೊತ್ತಿದ್ದೂ ಏಸುಸ್ವಾಮಿ ಅವನನ್ನು ಎಬ್ಬಿಸಿ ಕಳಿಸಲಿಲ್ಲ. ಅವನ ಎದುರೇ ರೊಟ್ಟಿ ಮುರಿದರು. ಹೊಟ್ಟೆ ಖಾಲಿ ಇಡುವುದೇ ಯೋಗ್ಯತೆ ಎಂದು ನಂಬಿದ್ದೆ. ಹಸಿದ ಗಂಡನ ಕೈಯಿಂದ ಲೋಟ ಕಿತ್ತುಕೊಂಡವಳು ಯಾರ ಯೋಗ್ಯತೆ ಅಳೆಯಲಿ? ನಾನೂ ಅದೇ ಪಂಕ್ತಿಯವಳು.

ಮುಂದಿನ ಪೂಜೆಗೆ ತಿಂಡಿ ತಿಂದು ಹೋದೆ. ಮಂಡಿಯೂರಿದೆ. ಪ್ರಸಾದದ ಚೂರು ಕೆಳಗೆ ಬೀಳದಂತೆ ನಮ್ಮ ಗದ್ದದಡಿ ತಟ್ಟೆ ಹಿಡಿಯುವುದು ಉಪದೇಶಿಯ ಕೆಲಸ. ಗುರುಗಳ ಜೊತೆ ಚಿಕ್ಕಪ್ಪನೂ ಬಂದು ನಿಂತರು. ಅವರನ್ನು ಪೂರ್ತಿ ಕ್ಷಮಿಸಿದ್ದೆ ಎಂದು ನಿಮಗೆ ಸುಳ್ಳು ಹೇಳಲಾರೆ ಮಕ್ಕಳೇ. ಅವರ ಮುಖ ನೋಡಲಿಲ್ಲ.

ತಟ್ಟೆ ಗದ್ದಕ್ಕೆ ತಣ್ಣಗೆ ತಾಕಿತು. ಬಾಯಿ ತೆರೆದೆ.