ಕಡ್ಡಿ ಗೀರುವ ಸದ್ದು

ಒಂದು ವರ್ಷ ಸಂಬಳವಿಲ್ಲದ ರಜೆಗೆ ಅರ್ಜಿ ಕೊಟ್ಟಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾರಣ ಕೇಳಿದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹುಬ್ಬಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ್ದೆ. ಇನ್ನಾದರೂ ನನ್ನನ್ನು ನಾನು ಹುಡುಕಿಕೊಳ್ಳಬೇಕು ಎಂದೆ.

"ಸಿಕ್ಕರ ನಮಗೂ ತಿಳಸ್ರಿ ಮೇಡಮ್, ನಾವೂ ಕಳಕೊಂಡು ಭಾಳ ದಿನಾ ಆತು," ಎಂದು ಭೌತಶಾಸ್ತ್ರದ ಸಹೋದ್ಯೋಗಿ ಎಲ್ಲರನ್ನೂ ನಗಿಸಿದರು. ನಿಜ ಹೇಳಿದ್ದರೆ ಇನ್ನೂ ನಗುತ್ತಿದ್ದರೇನೋ. ನನಗೆ ಬೆಂಕಿಕಡ್ಡಿ ಗೀರಲು ಆಗುತ್ತಿರಲಿಲ್ಲ.

ಅರ್ಜಿ ಕೊಡುವ ಕೆಲವು ವಾರಗಳ ಮೊದಲು, ಅದೇ ಮಳೆಗಾಲದಲ್ಲಿ, ಹಾವೇರಿಯಲ್ಲಿ ಪರೀಕ್ಷೆಯ ಕೆಲಸ ಮುಗಿಸಿ ಬಸ್ಸಿನಲ್ಲಿ ಧಾರವಾಡದ ಮನೆಗೆ ಬರುತ್ತಿದ್ದೆ. ಗಬ್ಬೂರಿನ ಬಳಿ ಬೈಪಾಸಿನಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಬಿದ್ದಿತ್ತು. ನಮ್ಮ ಬಸ್ಸು ಅದರ ಹಿಂದೆ, ತಗ್ಗಿನಲ್ಲಿ ನಿಂತಿತು. ರಸ್ತೆಯ ಮೇಲೆ ಬಿಳಿ ಮಂಜು ತೆವಳುತ್ತ ನಮ್ಮ ಕಡೆಗೇ ಬರುತ್ತಿತ್ತು. ಈ ಅನಿಲ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹರಿಯುತ್ತದೆ ಎಂದು ವರ್ಷವರ್ಷವೂ ಪಾಠ ಹೇಳಿದವಳು ನಾನು.

"ಏನ ನಾತರೀ ಇದು, ಏನರೆ ಸತ್ತತೇನು?" ಎಂದು ಯಾರೋ ಕೇಳಿದರು. ಮುಂದಿನ ಸೀಟಿನ ಹಿರಿಯರು ಬಾಯಿಗೆ ಬೀಡಿ ಇಟ್ಟುಕೊಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಡ್ಡಿ ಗೀರಿಯೇಬಿಟ್ಟರು. ಸರ್ ಎಂದು ಸದ್ದಾಯಿತು. ಹೊತ್ತಿಕೊಳ್ಳಲಿಲ್ಲ. "ಥೂ, ತಂಪ ಹಿಡದಾವ," ಎಂದು ಅದನ್ನು ಕಿಟಕಿಯಿಂದ ಎಸೆದರು. ಅಷ್ಟರಲ್ಲಿ ಡ್ರೈವರ್ "ಇಳೀರಿ, ಲಗೂ ಇಳೀರಿ!" ಎಂದು ಕೂಗಿದ. ಎಲ್ಲರೂ ಹೊಲಗಳಲ್ಲಿ ಹಾಯ್ದು ಓಡಿದೆವು. ಸಂಜೆಯ ಹೊತ್ತಿಗೆ ಅನಿಲ ಗಾಳಿಯಲ್ಲಿ ಕರಗಿ ರಸ್ತೆ ತೆರೆಯಿತು.

"ಏನೂ ಆಗ್ಲಿಲ್ಲಲಾ, ಬಿಡು," ಎಂದರು ರಾತ್ರಿ ಮನೆಯಲ್ಲಿ ಎಲ್ಲ ಕೇಳಿದ ನಮ್ಮವರು.

ಕೆಲವು ದಿನಗಳ ಮೇಲೆ ಪ್ರಾಕ್ಟಿಕಲ್ ತರಗತಿ. ವಿದ್ಯಾರ್ಥಿಗಳು ಬರ್ನರ್ ಹಚ್ಚಲು ಟೇಬಲ್ಲಿನಿಂದ ಟೇಬಲ್ಲಿಗೆ ಕಡ್ಡಿ ಗೀರುತ್ತ ಹೋದರು. ನಾನು ಹೊರಗೆ ಬಂದು ವರಾಂಡದ ಕಂಬ ಹಿಡಿದು ನಿಂತೆ. ತರಗತಿ ಮುಗಿಯುವವರೆಗೂ ಒಳಗೆ ಹೋಗಲಿಲ್ಲ. ಒಂದು ವರ್ಷ ಬಿಡುವು ಸಿಕ್ಕರೆ ಸರಿಹೋಗಿ ಪ್ರಯೋಗಾಲಯಕ್ಕೆ ಮರಳುತ್ತೇನೆ ಎಂದುಕೊಂಡೆ.

ಹುಡುಗಿಯಾಗಿದ್ದಾಗ ಕಸೂತಿ ನನಗೆ ಜೀವ. ರಜೆ ಶುರುವಾದೊಡನೆ ಕಪ್ಪು ಬಟ್ಟೆ, ಕೆಂಪು ದಾರ ತಂದು ಗೋಪುರದ ಚಿತ್ತಾರ ಹಾಕಲು ಕುಳಿತೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಬೇಕು. ಬಿಟ್ಟ ಮನೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಹೋಗುವಾಗ ನನಗೆ ತೊಂದರೆಯಿರಲಿಲ್ಲ. ತಿರುಗುವಾಗ ಕೈ ಬಟ್ಟೆಯ ಮೇಲಿದ್ದರೂ ನಾನು ಬಸ್ಸಿನಲ್ಲಿ ಇರುತ್ತಿದ್ದೆ. ಅದೇ ಸದ್ದು ಕೇಳುತ್ತಿತ್ತು, ಆದರೆ ಈ ಸಲ ಕಡ್ಡಿ ಹೊತ್ತಿಕೊಳ್ಳುತ್ತಿತ್ತು. ಎಚ್ಚರವಾದಾಗ ಸೂಜಿ ದಾರಿ ತಪ್ಪಿ ಎಲ್ಲೋ ಹೋಗಿರುತ್ತಿತ್ತು.

ಅತ್ತೆ ಬಟ್ಟೆ ಮಗುಚಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಇದೇನ ತಂಗಿ, ಗೋಪುರಾನೋ, ಕೋಳಿ ಕೆದರಿದ್ದೋ? ಹೋದ ದಾರೀಲೇನ ಹೊಳ್ಳಿ ಬರಬೇಕಲಾ."

"ಬರಾಕ ಆಗವಲ್ದರೀ ಅತ್ತಿ."

"ಬಿಚ್ಚು, ಮತ್ತ ಹಾಕು. ಯಾರ ಬೆನ್ನ ಹತ್ಯಾರ ನಿನಗ?"

ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ದೀಪಾವಳಿಯ ಹೊತ್ತಿಗೆ ಬಟ್ಟೆ ಜರಡಿಯಂತಾಯಿತು, ಮಡಿಚಿ ಒಳಗಿಟ್ಟೆ. ಆಮೇಲಿನ ತಿಂಗಳುಗಳಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಕಿಟಕಿಯ ಬಳಿ ಕುಳಿತಿದ್ದೆ. ಒಲೆಯನ್ನು ನಮ್ಮವರು ಹಚ್ಚಿಕೊಟ್ಟ ಮೇಲೆ ಅಡುಗೆ ಮಾಡುತ್ತಿದ್ದೆ. ಕೆಲಸಕ್ಕೆ ಸೇರುವ ಮೊದಲಿನ ಆ ಹುಡುಗಿ ಎಲ್ಲೋ ಇದ್ದಾಳು, ಹುಡುಕಿದರೆ ಸಿಕ್ಕಾಳು ಎಂದುಕೊಂಡಿದ್ದೆ. ಆದರೆ ನೆನಪಿನಲ್ಲಿ ಬಸ್ಸಿನ ಆ ಸೀಟಿನಿಂದ ಹಿಂದಕ್ಕೆ ನನಗೆ ಏನೂ ಕಾಣುತ್ತಿರಲಿಲ್ಲ.

ರಜೆ ಮುಗಿಯುವ ಮುನ್ನಾದಿನ ಸಂಜೆ ಕರೆಂಟು ಹೋಯಿತು. "ದೇವರ ಮುಂದ ದೀಪಾ ಹಚ್ಚು," ಎಂದರು ಅತ್ತೆ. ಇವತ್ತು ಆಗಲೇಬೇಕು ಎಂದು ಕಡ್ಡಿಪೆಟ್ಟಿಗೆ ತೆಗೆದು ಒಂದು ಕಡ್ಡಿಯನ್ನು ಮದ್ದಿನ ಪಟ್ಟಿಗೆ ಒತ್ತಿ ಹಿಡಿದೆ. ಎಳೆಯಲು ಕೈ ಕೇಳಲಿಲ್ಲ. ಕಡ್ಡಿ ಮುರಿಯಿತು. ಇನ್ನೊಂದು ತೆಗೆದೆ, ಅದೂ ಮುರಿಯಿತು. ಕಣ್ಣು ಮಬ್ಬಾದ ಅತ್ತೆ ಗೋಡೆ ಹಿಡಿದುಕೊಂಡು ಬಂದು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡರು. ಅವರು ಗೀರುವ ಮೊದಲೇ ನಾನು ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದ್ದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಫೋನ್ ಮಾಡಿದವರು ನಮ್ಮವರು. "ಇಲ್ರೀ, ಇವತ್ತ ಬರಂಗಿಲ್ರೀ... ಆರಾಮಿಲ್ಲ." ಆ ಕಡೆಯವರು ಏನೋ ಕೇಳಿದರು. ಇವರು ರಿಸೀವರನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದರು.

"ಎಷ್ಟ ದಿನಾ ಅಂತ ಹೇಳ್ಲಿ?"

ನಾನು ಕಿಟಕಿಯ ಬಳಿ ಹೋಗಿ ಕುಳಿತೆ. ಅವರು ಅಂಗೈ ತೆಗೆದರು.